ದೂತನು ಕಂಡ ರಾಜಧಾನಿ

ರಾಜಕಾರ್ಯಕ್ಕೆಂದು ಪರನಾಡಿನ ರಾಜಧಾನಿಗೆ ಬಂದವನು ಬಿಡುವಿನಲ್ಲಿ ಊರನ್ನೂ ನೋಡುತ್ತಾನೆ. ಕಾಲಾನಂತರ ಕಾರ್ಯ ಮರೆತುಹೋಗಿ ನೋಟವೇ ಉಳಿಯುತ್ತದೆ. ಹೆರಾತಿನ ದೊರೆ ಶಾರುಖನ ದೂತ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದು, ಇಮ್ಮಡಿ ದೇವರಾಯನಿಗೆ ಕುದುರೆಗಳನ್ನೂ ಪಟ್ಟೆವಸ್ತ್ರಗಳನ್ನೂ ಕಾಣಿಕೆಯಿತ್ತನು. ಏಳು ಸುತ್ತಿನ ಕೋಟೆ, ಗುಲಾಬಿ ಮಾರುವ ಪೇಟೆಬೀದಿಗಳು, ಬಹಿರಂಗವಾಗಿಯೇ ನಡೆಯುತ್ತಿದ್ದ ಮುತ್ತುರತ್ನಗಳ ವ್ಯಾಪಾರ, ಮಹಾನವಮಿಯ ವೈಭವ ಎಲ್ಲವನ್ನೂ ಕಂಡು ಬರೆದಿಟ್ಟನು.

ಅವನು ನಿಜವಾದ ದೂತನೇ ಅಲ್ಲವೆಂದು ಹೊರ್ಮುಜಿನ ಕೆಲವರು ಸುದ್ದಿ ಹಬ್ಬಿಸಿದರು. ಅರಮನೆಯ ದಿನಭತ್ಯವೂ ನಿಂತಿತು. ಆ ಕಹಿಯನ್ನು ಅವನು ಮರೆಮಾಚಲಿಲ್ಲ. ಅದಕ್ಕಾಗಿ ನಗರದ ಹಿರಿಮೆಯನ್ನು ಕುಗ್ಗಿಸಲೂ ಇಲ್ಲ.

1565ರ ಯುದ್ಧದ ನಂತರ ಆ ನಗರ ಹಾಳಾಯಿತು. ಇಂದು ಹಂಪಿಯ ಕಲ್ಲುಗಳ ನಡುವೆ ನಿಂತ ನಮಗೆ ಅಂದಿನ ಬೀದಿಗಳನ್ನು ತೋರಿಸುವವರಲ್ಲಿ ಅವನೂ ಒಬ್ಬ. ತಾನು ನೊಂದ ಊರಿನ ಒಳಿತನ್ನೂ ಇದ್ದಂತೆ ನುಡಿದ ಆ ಸತ್ಯಸಂಧತೆಗೆ ನಾವು ಋಣಿಗಳು.