ಹಾಡಿಗೆ ಯಾವ ನುಡಿ? ಜಪಾನಿನ ರಾಕ್ ಸಂಗೀತದ ಒಂದು ವಾಗ್ವಾದ



2007ನೆಯ ಇಸವಿಯಲ್ಲಿ ಜಪಾನಿನ ರಾಕ್ ಸಂಗೀತವನ್ನು ಕುರಿತು ಎರಡು ಪಟ್ಟಿಗಳು ಪ್ರಕಟವಾದವು. ಒಂದು ಬ್ರಿಟನ್ನಿನದು. ಅಲ್ಲಿನ ಗಾಯಕ ಹಾಗೂ ಲೇಖಕ ಜೂಲಿಯನ್ ಕೋಪ್ ಅವರು ಜಪಾನಿ ರಾಕ್ ಕುರಿತ ತಮ್ಮ ಪುಸ್ತಕದಲ್ಲಿ ಐವತ್ತು ಧ್ವನಿಮುದ್ರಿಕೆಗಳನ್ನು ಆರಿಸಿ ಕ್ರಮವಾಗಿ ಜೋಡಿಸಿದ್ದರು. ಇನ್ನೊಂದು ಜಪಾನಿನದೇ. 'ರೋಲಿಂಗ್ ಸ್ಟೋನ್' ಪತ್ರಿಕೆಯ ಜಪಾನಿ ಆವೃತ್ತಿಯು ಆ ದೇಶದ ನೂರು ಶ್ರೇಷ್ಠ ರಾಕ್ ಧ್ವನಿಮುದ್ರಿಕೆಗಳನ್ನು ಹೆಸರಿಸಿತ್ತು. ಎರಡೂ ಪಟ್ಟಿಗಳಲ್ಲಿ ಮೊದಲ ಸ್ಥಾನ ಸಿಕ್ಕಿದ್ದು 1971ರಲ್ಲಿ ಹೊರಬಂದ ಧ್ವನಿಮುದ್ರಿಕೆಗೇ. ಆದರೆ ಎರಡೂ ಬೇರೆ ಬೇರೆ. ಬ್ರಿಟನ್ನಿನ ಲೇಖಕರು ಆರಿಸಿದ್ದು ಫ್ಲವರ್ ಟ್ರಾವೆಲಿನ್ ಬ್ಯಾಂಡ್ ಎಂಬ ತಂಡದ 'ಸತೋರಿ'. ಅದರ ಹಾಡುಗಳ ನುಡಿ ಇಂಗ್ಲಿಷ್. ಜಪಾನಿ ಪತ್ರಿಕೆ ಆರಿಸಿದ್ದು ಹ್ಯಾಪಿ ಎಂಡ್ ಎಂಬ ತಂಡದ 'ಕಜೆಮಾಚಿ ರೋಮನ್'. ಅದರ ನುಡಿ ಜಪಾನಿ.

ಒಂದೇ ದೇಶ, ಒಂದೇ ವರ್ಷ, ಎರಡು ತೀರ್ಪು. ಇದು ಆಕಸ್ಮಿಕವಲ್ಲ. ಈ ಎರಡು ತಂಡಗಳ ಸುತ್ತ 1970-71ರಲ್ಲಿ ಜಪಾನಿನಲ್ಲಿ ಒಂದು ದೊಡ್ಡ ವಾಗ್ವಾದವೇ ನಡೆದಿತ್ತು. ರಾಕ್ ಸಂಗೀತವನ್ನು ಜಪಾನಿ ಭಾಷೆಯಲ್ಲಿ ಹಾಡಲು ಸಾಧ್ಯವೇ, ಹಾಡುವುದು ಸರಿಯೇ ಎಂಬುದು ಅದರ ವಿಷಯ. ಜಪಾನಿನ ಸಂಗೀತ ಚರಿತ್ರೆಯಲ್ಲಿ ಇದಕ್ಕೆ 'ಜಪಾನಿ ನುಡಿಯ ರಾಕ್ ವಿವಾದ' ಎಂದೇ ಹೆಸರು. ಅಭಿಮಾನಿಗಳ ಜಗಳದಲ್ಲಿ ಚರಿತ್ರೆಯ ವಿದ್ಯಾರ್ಥಿ ಕಲಿಯುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಸಾಕಷ್ಟಿದೆ. ಮೊದಲು ಹಿನ್ನೆಲೆಯನ್ನು ನೋಡೋಣ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನ ಮೇಲೆ 1945ರಿಂದ 1952ರವರೆಗೆ ಮಿತ್ರರಾಷ್ಟ್ರಗಳ, ಮುಖ್ಯವಾಗಿ ಅಮೆರಿಕದ, ಸೇನಾಡಳಿತವಿತ್ತು. ಸೇನಾ ಶಿಬಿರಗಳ ಕ್ಲಬ್ಬುಗಳಲ್ಲಿ ಅಮೆರಿಕದ ಸೈನಿಕರಿಗಾಗಿ ನುಡಿಸುತ್ತಲೇ ಅನೇಕ ಜಪಾನಿ ಕಲಾವಿದರು ಜಾಜ್ ಮತ್ತು ಕಂಟ್ರಿ ಸಂಗೀತವನ್ನು ಕಲಿತರು. ಹೊಸ ಸಂಗೀತ ಬಂದದ್ದೇ ಇಂಗ್ಲಿಷಿನಲ್ಲಿ. ಅದನ್ನು ಇಂಗ್ಲಿಷಿನಲ್ಲೇ ಹಾಡುವುದು ಸಹಜವೆನಿಸಿತು.

ಆದರೆ 1961ರಲ್ಲಿ ಎನ್‌.ಎಚ್‌.ಕೆ. ದೂರದರ್ಶನದ ಒಂದು ಕಾರ್ಯಕ್ರಮದ ಮೂಲಕ ಕ್ಯೂ ಸಾಕಾಮೊತೊ ಎಂಬ ತರುಣ ಗಾಯಕರ ಒಂದು ಜಪಾನಿ ಹಾಡು ಮನೆಮಾತಾಯಿತು. ಕಣ್ಣೀರು ಕೆಳಗೆ ಬೀಳದಿರಲೆಂದು ಮುಖವನ್ನು ಮೇಲಕ್ಕೆತ್ತಿ ನಡೆಯುವವನ ಹಾಡು ಅದು. 1963ರ ಜೂನಿನಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ಅದೂ ಜಪಾನಿ ಭಾಷೆಯಲ್ಲೇ. ಹಾಡಿನ ಹೆಸರು ಮಾತ್ರ ಅಲ್ಲಿ 'ಸುಕಿಯಾಕಿ' ಎಂದು ಬದಲಾಗಿತ್ತು. ಸುಕಿಯಾಕಿ ಎಂಬುದು ಜಪಾನಿನ ಒಂದು ಮಾಂಸದ ಅಡುಗೆ. ಹಾಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಪರಭಾಷೆಯ ಹಾಡು ಗಡಿ ದಾಟಬಲ್ಲುದು, ಆದರೆ ದಾಟುವಾಗ ಅದಕ್ಕೆ ಏನಾಗಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

1966ರಲ್ಲಿ ಜೂನ್ 30ರಿಂದ ಜುಲೈ 2ರವರೆಗೆ ಬೀಟಲ್ಸ್ ತಂಡ ಟೋಕಿಯೋದ ಬುದೋಕಾನ್ ಸಭಾಂಗಣದಲ್ಲಿ ಐದು ಬಾರಿ ಕಾರ್ಯಕ್ರಮ ನೀಡಿತು. ಅದು 1964ರ ಒಲಿಂಪಿಕ್ಸ್‌ನ ಜೂಡೋ ಸ್ಪರ್ಧೆಗಾಗಿ ಕಟ್ಟಿದ ಕಟ್ಟಡ. ಸಮರಕಲೆಗಳಿಗೆ ಮೀಸಲಾದ ಸ್ಥಳದಲ್ಲಿ ಗಿಟಾರ್ ಗದ್ದಲವೇ ಎಂದು ಸಂಪ್ರದಾಯವಾದಿಗಳು ಪ್ರತಿಭಟಿಸಿದರು. ಆದರೆ ಬೀಟಲ್ಸ್ ಬಂದುಹೋದ ಬಳಿಕ ಜಪಾನಿನಲ್ಲಿ ಗಿಟಾರ್ ತಂಡಗಳ ಮಹಾಪೂರವೇ ಹರಿಯಿತು. 'ಗ್ರೂಪ್ ಸೌಂಡ್ಸ್' ಎಂದು ಕರೆಯಲಾದ ಈ ತಂಡಗಳಲ್ಲಿ ಟೈಗರ್ಸ್, ಸ್ಪೈಡರ್ಸ್, ಬ್ಲೂ ಕಾಮೆಟ್ಸ್ ಮುಖ್ಯವಾದವು. ಇವರ ಜನಪ್ರಿಯ ಹಾಡುಗಳ ಭಾಷೆ ಜಪಾನಿಯೇ. ಎಷ್ಟೋ ಶಾಲೆಗಳು ತಮ್ಮ ವಿದ್ಯಾರ್ಥಿಗಳು ಈ ಕಚೇರಿಗಳಿಗೆ ಹೋಗುವುದನ್ನು ನಿಷೇಧಿಸಿದವು. ಅಂದಮೇಲೆ ಜನಪ್ರಿಯತೆಯನ್ನು ಬೇರೆ ಹೇಳಬೇಕಾಗಿಲ್ಲ.

ಆದರೂ ಈ ಅಲೆ ಮೂರು-ನಾಲ್ಕು ವರ್ಷಗಳಲ್ಲಿ ಇಳಿಯಿತು. ಅನೇಕ ಹಾಡುಗಳನ್ನು ಬರೆಯುತ್ತಿದ್ದವರು ತಂಡದ ಸದಸ್ಯರಲ್ಲ, ವೃತ್ತಿಪರ ಗೀತರಚನೆಕಾರರು ಮತ್ತು ಸಂಯೋಜಕರು. ಇದು ನಿಜವಾದ ರಾಕ್ ಅಲ್ಲ, ಸಿಂಗರಿಸಿದ ಚಿತ್ರಗೀತೆಯಂಥದ್ದು ಎಂದು ಗಂಭೀರ ಶ್ರೋತೃಗಳು ದೂರತೊಡಗಿದರು. ಹಾಗಾದರೆ ನಿಜವಾದ ರಾಕ್ ಯಾವುದು? ಇಲ್ಲಿಂದ ನಮ್ಮ ಕಥೆ ಆರಂಭ.

ಒಂದು ಪಕ್ಷದ ಮುಂದಾಳು ಯೂಯಾ ಉಚಿದಾ. ಬೀಟಲ್ಸ್ ಕಾರ್ಯಕ್ರಮದಲ್ಲಿ ಆರಂಭದ ಹಾಡು ಹಾಡಿದ ಜಪಾನಿ ಕಲಾವಿದರಲ್ಲಿ ಇವರೂ ಒಬ್ಬರು. 1967ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಹೊಸ ಸಂಗೀತವನ್ನು ಕಣ್ಣಾರೆ ಕಂಡು ಬಂದ ಇವರು 1970ರಲ್ಲಿ ಫ್ಲವರ್ ಟ್ರಾವೆಲಿನ್ ಬ್ಯಾಂಡನ್ನು ರೂಪಿಸಿದರು. ರಾಕ್ ಹುಟ್ಟಿದ್ದು ಇಂಗ್ಲಿಷಿನಲ್ಲಿ, ಅದರ ಲಯಕ್ಕೆ ಜಪಾನಿ ಪದಗಳು ಕೂರುವುದಿಲ್ಲ, ಜಗತ್ತಿನ ಮುಂದೆ ನಿಲ್ಲಬೇಕಾದರೆ ಇಂಗ್ಲಿಷಿನಲ್ಲೇ ಹಾಡಬೇಕು ಎಂಬುದು ಅವರ ನಿಲುವು.

ಇನ್ನೊಂದು ಪಕ್ಷದಲ್ಲಿದ್ದುದು ಹ್ಯಾಪಿ ಎಂಡ್ ತಂಡದ ನಾಲ್ವರು ತರುಣರು: ಹಾರುಓಮಿ ಹೊಸೊನೊ, ಎಯಿಚಿ ಓತಾಕಿ, ಶಿಗೆರು ಸುಜುಕಿ ಮತ್ತು ಡ್ರಮ್ ನುಡಿಸುತ್ತಿದ್ದ ತಕಾಶಿ ಮತ್ಸುಮೊತೊ. ಹಾಡುಗಳ ಸಾಹಿತ್ಯ ಹೆಚ್ಚಾಗಿ ಮತ್ಸುಮೊತೊ ಅವರದು. ನಾವು ಹಾಡುವುದು ಇಲ್ಲಿನ ಜನರ ಎದುರಿಗೆ, ನಮ್ಮ ದಿನನಿತ್ಯದ ಅನುಭವ ನಮ್ಮ ಮಾತಿನಲ್ಲಿ ಬರದಿದ್ದರೆ ಅದು ನಮ್ಮ ಸಂಗೀತ ಹೇಗಾದೀತು ಎಂಬುದು ಇವರ ವಾದ. ಇವರ ಮೊದಲ ಧ್ವನಿಮುದ್ರಿಕೆ 1970ರಲ್ಲಿ ಬಂತು. ಅದಕ್ಕೆ ದೊರೆತ ಮೆಚ್ಚುಗೆಯೇ ಚರ್ಚೆಯನ್ನು ಕಾವೇರಿಸಿತು. 'ನ್ಯೂ ಮ್ಯೂಸಿಕ್ ಮ್ಯಾಗಜೀನ್' ಎಂಬ ಪತ್ರಿಕೆಯ ಪುಟಗಳಲ್ಲಿ ಎರಡೂ ಕಡೆಯವರು ಮುಖಾಮುಖಿ ವಾದಿಸಿದರು. ಓದುಗರೂ ಪಕ್ಷ ವಹಿಸಿದರು.

ಜಪಾನಿ ಪದ ಲಯಕ್ಕೆ ಕೂರುವುದಿಲ್ಲ ಎಂಬ ಮಾತನ್ನು ಪರೀಕ್ಷಿಸಿ ನೋಡಬಹುದು. ವಿಜ್ಞಾನ ಓದಿದವನಾದ್ದರಿಂದ ನನಗೆ ಇದು ಬಹಳ ಸ್ವಾರಸ್ಯಕರ ಭಾಗ. ನಿಮಗೂ ಕಷ್ಟವಾಗದು, ಏಕೆಂದರೆ ಕನ್ನಡ ಛಂದಸ್ಸಿನ ಪಾಠದಲ್ಲಿ ನೀವು ಮಾತ್ರೆಗಳನ್ನು ಎಣಿಸಿದ್ದೀರಿ. ಜಪಾನಿ ಭಾಷೆಯೂ ಮಾತ್ರೆಗಳ ಲೆಕ್ಕದಲ್ಲೇ ನಡೆಯುತ್ತದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಜಪಾನಿಗಳು 'ತೋಕ್ಯೋ' ಎಂದು ಉಚ್ಚರಿಸುವ ಆ ರಾಜಧಾನಿಯ ಹೆಸರಿಗೆ ನಾಲ್ಕು ಮಾತ್ರೆ. ಪ್ರಸಿದ್ಧ ಹೈಕು ಪದ್ಯದ ಐದು, ಏಳು, ಐದು ಎಂಬ ಎಣಿಕೆಯೂ ಇದೇ.

ಈ ಭಾಷೆಯಲ್ಲಿ ಒತ್ತಕ್ಷರಗಳ ಗುಂಪು ವಿರಳ. ಪದಗಳು ಸಾಮಾನ್ಯವಾಗಿ ಸ್ವರದಲ್ಲೋ ಅನುನಾಸಿಕದಲ್ಲೋ ಮುಗಿಯುತ್ತವೆ. ನಾವು 'ಬಸ್' ಎಂಬುದನ್ನು 'ಬಸ್ಸು' ಮಾಡಿಕೊಂಡ ಹಾಗೆ ಅವರೂ ಪರಭಾಷೆಯ ಪದಗಳಿಗೆ ಸ್ವರ ಸೇರಿಸುತ್ತಾರೆ. ಇಂಗ್ಲಿಷಿನ 'ಸ್ಟ್ರೈಕ್' ಎಂಬ ಪದವನ್ನು ಇಂಗ್ಲಿಷ್ ಗಾಯಕ ಒಂದೇ ಸ್ವರಸ್ಥಾನದಲ್ಲಿ ಮುಗಿಸುತ್ತಾನೆ. ಜಪಾನಿನಲ್ಲಿ ಅದು ಸು-ತೊ-ರ-ಇ-ಕು ಎಂದು ಐದು ಮಾತ್ರೆಗಳಾಗುತ್ತದೆ. ಒಂದು ಮಾತ್ರೆಗೆ ಒಂದು ಸ್ವರ ಎಂಬ ಹಳೆಯ ಪದ್ಧತಿಯಲ್ಲೇ ಹಾಡಿದರೆ, ಇಂಗ್ಲಿಷಿನಲ್ಲಿ ಇಡೀ ವಾಕ್ಯ ಹಿಡಿಸುವ ಜಾಗದಲ್ಲಿ ಜಪಾನಿನ ಒಂದೆರಡು ಪದ ಮಾತ್ರ ಹಿಡಿಸುತ್ತವೆ.

ಇನ್ನೊಂದು ತೊಡಕೂ ಇದೆ. ಇಂಗ್ಲಿಷಿನಲ್ಲಿ ಪದದ ಒಂದು ಭಾಗವನ್ನು ಒತ್ತಿ ಹೇಳುತ್ತಾರೆ. ರಾಕ್ ಸಂಗೀತದ ಡ್ರಮ್ ಪೆಟ್ಟು ಆ ಒತ್ತಿಗೆ ಚೆನ್ನಾಗಿ ಹೊಂದುತ್ತದೆ. ಜಪಾನಿನಲ್ಲಿ ಒತ್ತಿನ ಬದಲು ಶ್ರುತಿಯ ಏರಿಳಿತವಿದೆ. 'ಹಶಿ' ಎಂಬುದನ್ನು ಮೇಲಿನಿಂದ ಕೆಳಗೆ ಇಳಿಸಿ ಹೇಳಿದರೆ ಊಟದ ಕಡ್ಡಿ, ಕೆಳಗಿನಿಂದ ಮೇಲೆ ಏರಿಸಿದರೆ ಸೇತುವೆ. ಹಾಡಿನ ಮಟ್ಟು ಈ ಏರಿಳಿತಕ್ಕೆ ವಿರುದ್ಧವಾಗಿ ನಡೆದರೆ ಕೇಳುಗನಿಗೆ ಪದ ಅಪರಿಚಿತವೆನಿಸುತ್ತದೆ. ಸಿದ್ಧವಾದ ಮಟ್ಟಿಗೆ ಕನ್ನಡ ಮಾತು ಕೂಡಿಸುವ ಕೆಲಸವನ್ನು ಸ್ಟುಡಿಯೋದಲ್ಲಿ ಎಷ್ಟೋ ಸಲ ಮಾಡಿಸಿದ್ದೇನೆ. ಅಕ್ಷರ ಹೆಚ್ಚಾದಾಗ ಗಾಯಕರು ನನ್ನ ಕಡೆ ನೋಡುವ ನೋಟ ನನಗೆ ಗೊತ್ತು! ಆದ್ದರಿಂದ ಉಚಿದಾ ಅವರ ಆಕ್ಷೇಪಣೆಯಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ.

ಆದರೆ ತೊಡಕು ಇದೆ ಎಂಬುದು ಬೇರೆ, ಅಸಾಧ್ಯ ಎಂಬುದು ಬೇರೆ. ಹ್ಯಾಪಿ ಎಂಡ್ ತಂಡದವರು ಪದಗಳನ್ನು ಎಲ್ಲಿ ತುಂಡರಿಸಬಾರದೋ ಅಲ್ಲೇ ತುಂಡರಿಸಿದರು. ಒಂದು ಸ್ವರವನ್ನು ಎಳೆದರು, ಇನ್ನೊಂದೆಡೆ ಹಲವು ಮಾತ್ರೆಗಳನ್ನು ಒತ್ತಟ್ಟಿಗೆ ತುಂಬಿದರು. ಮೊದಮೊದಲು ಕೇಳಿದವರಿಗೆ ಇದು ವಿಚಿತ್ರವೆನಿಸಿತು. 'ಕಜೆಮಾಚಿ ರೋಮನ್' ಬರುವ ಹೊತ್ತಿಗೆ ಅದೇ ಒಂದು ಶೈಲಿಯಾಗಿತ್ತು. ಒಲಿಂಪಿಕ್ಸ್‌ಗೆ ಮುಂಚಿನ ಹಳೆಯ ಟೋಕಿಯೋದ ಬೀದಿ, ಟ್ರಾಮು, ಗಾಳಿ ಇವೆಲ್ಲ ಅದರಲ್ಲಿ ಹಾಡಾದವು.

ಮೂರನೆಯ ಅಭಿಪ್ರಾಯವೂ ಇತ್ತು, ಇಂದಿಗೂ ಇದೆ. ಹ್ಯಾಪಿ ಎಂಡ್ ಜಪಾನಿ ನುಡಿಯ ರಾಕ್‌ನ ಜನಕರು ಎಂಬ ಮಾತನ್ನು ಇವರು ಒಪ್ಪುವುದಿಲ್ಲ. ಗ್ರೂಪ್ ಸೌಂಡ್ಸ್ ತಂಡಗಳು ಅದಕ್ಕೂ ಮೊದಲೇ ಜಪಾನಿನಲ್ಲಿ ಹಾಡಿರಲಿಲ್ಲವೇ? ಜ್ಯಾಕ್ಸ್ ಎಂಬ ತಂಡ ತನ್ನದೇ ಜಪಾನಿ ಹಾಡುಗಳ ಧ್ವನಿಮುದ್ರಿಕೆಯನ್ನು 1968ರಲ್ಲೇ ತರಲಿಲ್ಲವೇ? ಈ ಪ್ರಶ್ನೆಗಳು ನ್ಯಾಯವಾದವು. ಜನಪ್ರಿಯವೆಂಬ ಕಾರಣಕ್ಕೆ ಹಿಂದಿನವರನ್ನು ಲೆಕ್ಕದಿಂದ ಬಿಟ್ಟರೆ ಚರಿತ್ರೆ ಮುಕ್ಕಾಗುತ್ತದೆ.

ಜಾನಪದ ಶೈಲಿಯ ಪ್ರತಿಭಟನೆಯ ಹಾಡುಗಳ ಅಭಿಮಾನಿಗಳಿಗೆ ಭಾಷೆಗಿಂತ ಮುಖ್ಯವಾದದ್ದು ಹಣದ ಪ್ರಶ್ನೆ. 1971ರ ಆಗಸ್ಟ್‌ನಲ್ಲಿ ಗಿಫು ಪ್ರಾಂತ್ಯದಲ್ಲಿ ನಡೆದ ಮೂರನೆಯ ಅಖಿಲ ಜಪಾನ್ ಫೋಕ್ ಜಾಂಬೊರಿಯಲ್ಲಿ ಪ್ರೇಕ್ಷಕರ ಒಂದು ಗುಂಪು ವೇದಿಕೆಯನ್ನೇ ಆಕ್ರಮಿಸಿತು. ಉತ್ಸವ ವ್ಯಾಪಾರವಾಗಿದೆ ಎಂಬುದು ಅವರ ಆರೋಪ. ಹಾಡು ನಿಂತು ಚರ್ಚೆ ನಡೆಯಿತು. ಅಭಿಮಾನಿಗಳ ಪಾಲಿಗೆ ಇದು ಬರೀ ಮನರಂಜನೆಯ ಮಾತಾಗಿರಲಿಲ್ಲ.

ಇನ್ನು ವಿವಾದದ ವಿಪರ್ಯಾಸಗಳನ್ನು ಗಮನಿಸಿ. ಇಂಗ್ಲಿಷ್ ಪಕ್ಷದ ತಂಡ ತನ್ನ ಧ್ವನಿಮುದ್ರಿಕೆಗೆ ಇಟ್ಟ ಹೆಸರು 'ಸತೋರಿ'. ಇದು ಜ್ಞಾನೋದಯವನ್ನು ಸೂಚಿಸುವ ಝೆನ್ ಬೌದ್ಧರ ಪದ. ಜಪಾನಿ ಪಕ್ಷದ ತಂಡ ತನಗೆ ಇಟ್ಟುಕೊಂಡ ಹೆಸರು 'ಹ್ಯಾಪಿ ಎಂಡ್'. ಇಂಗ್ಲಿಷ್ ಪದಗಳೇ, ಆದರೆ ಬರೆದದ್ದು ದೇಶೀ ಪದಗಳಿಗೆ ಬಳಸುವ ಹಿರಗಾನ ಲಿಪಿಯಲ್ಲಿ! ಫ್ಲವರ್ ಟ್ರಾವೆಲಿನ್ ಬ್ಯಾಂಡ್ ಕೆನಡಾಕ್ಕೆ ಹೋಗಿ ಅಲ್ಲಿ ಧ್ವನಿಮುದ್ರಿಸಿ 1972ರಲ್ಲಿ ಹೊರತಂದ ಕೃತಿಯ ಹೆಸರು 'ಮೇಡ್ ಇನ್ ಜಪಾನ್'. ಹ್ಯಾಪಿ ಎಂಡ್ ತನ್ನ ಕೊನೆಯ ಧ್ವನಿಮುದ್ರಿಕೆಗಾಗಿ 1972ರಲ್ಲಿ ಹೋದದ್ದು ಅಮೆರಿಕದ ಲಾಸ್ ಏಂಜಲೀಸ್‌ಗೆ. ಅದರ ಕಡೆಯ ಹಾಡಿನ ಶೀರ್ಷಿಕೆ ಅಮೆರಿಕಕ್ಕೂ ಜಪಾನಿಗೂ ಒಟ್ಟಿಗೇ ವಿದಾಯ ಹೇಳುತ್ತದೆ. ಎರಡು ದೇಶಗಳ ನಡುವೆ ತಮ್ಮ ಸ್ಥಳ ಯಾವುದು ಎಂಬ ಪ್ರಶ್ನೆ ಇಬ್ಬರನ್ನೂ ಒಂದೇ ರೀತಿ ಕಾಡುತ್ತಿತ್ತು.

ವಿವಾದ ಮಾತಿನಿಂದ ಬಗೆಹರಿಯಲಿಲ್ಲ, ಹಾಡಿನಿಂದ ಬಗೆಹರಿಯಿತು. 1972ರಲ್ಲಿ ಬಂದ ಕ್ಯಾರಲ್ ತಂಡ ಎರಡು ಭಾಷೆಗಳನ್ನೂ ಬೆರೆಸಿ ಹಾಡಿತು. 1978ರಲ್ಲಿ ಸದರ್ನ್ ಆಲ್ ಸ್ಟಾರ್ಸ್ ತಂಡದ ಕೇಸುಕೆ ಕುವಾತಾ ಜಪಾನಿ ಪದಗಳನ್ನೇ ಇಂಗ್ಲಿಷಿನ ಧಾಟಿಯಲ್ಲಿ ವೇಗವಾಗಿ ಉಚ್ಚರಿಸಿ ಜನಪ್ರಿಯರಾದರು. ಆಮೇಲೆ ಜಪಾನಿ ನುಡಿ ರಾಕ್‌ಗೆ ಒಗ್ಗದು ಎಂಬ ಮಾತು ತಾನಾಗಿ ಹಿಂದೆ ಸರಿಯಿತು. ಮತ್ಸುಮೊತೊ 1980ರ ದಶಕದಲ್ಲಿ ದೇಶದ ಪ್ರಮುಖ ಗೀತರಚನೆಕಾರರಾದರು. ಹೊಸೊನೊ ಮಾತ್ರ 1978ರಲ್ಲಿ ರ‍್ಯುಯಿಚಿ ಸಾಕಾಮೊತೊ ಮತ್ತು ಯುಕಿಹಿರೊ ತಕಾಹಾಶಿ ಅವರೊಂದಿಗೆ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಕಟ್ಟಿ, ವಿದ್ಯುನ್ಮಾನ ವಾದ್ಯಗಳ ಸಂಗೀತದೊಂದಿಗೆ ಹೊರದೇಶಗಳಿಗೆ ಹೋದರು. ಅಲ್ಲಿ ಇದ್ದ ಮಾತು ಹೆಚ್ಚಾಗಿ ಇಂಗ್ಲಿಷ್! ಇತ್ತ ಫ್ಲವರ್ ಟ್ರಾವೆಲಿನ್ ಬ್ಯಾಂಡಿನ ಗಿಟಾರ್ ವಾದಕ ಹಿದೆಕಿ ಇಶಿಮಾ ಮುಂದೆ ನಮ್ಮ ಸಿತಾರನ್ನೂ ಗಿಟಾರನ್ನೂ ಕೂಡಿಸಿ 'ಸಿತಾರ್ಲಾ' ಎಂಬ ವಾದ್ಯವನ್ನು ರೂಪಿಸಿದರು.

ಪ್ರಶ್ನೆ ಮತ್ತೆ ಮತ್ತೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. 2019ರಲ್ಲಿ ಬೇಬಿಮೆಟಲ್ ಎಂಬ ತಂಡದ ಮೂರನೆಯ ಧ್ವನಿಮುದ್ರಿಕೆ ಬಿಲ್‌ಬೋರ್ಡ್‌ನ ಆಲ್ಬಂ ಪಟ್ಟಿಯಲ್ಲಿ 13ನೆಯ ಸ್ಥಾನಕ್ಕೇರಿತು. 1963ರಲ್ಲಿ ಕ್ಯೂ ಸಾಕಾಮೊತೊ ಅವರ ಧ್ವನಿಮುದ್ರಿಕೆ ತಲುಪಿದ್ದು 14ನೆಯ ಸ್ಥಾನವನ್ನು. ಬೇಬಿಮೆಟಲ್ ಹಾಡುವುದು ಹೆಚ್ಚಾಗಿ ಜಪಾನಿನಲ್ಲಿ. ಆದರೆ ಇದು ನಿಜವಾದ ಮೆಟಲ್ ಸಂಗೀತವೇ, ಇಲ್ಲ ಬಾಲಕಿಯರನ್ನು ಮುಂದಿಟ್ಟು ಸಂಸ್ಥೆ ರೂಪಿಸಿದ ಪ್ರದರ್ಶನವೇ ಎಂದು ಅಭಿಮಾನಿಗಳು ವಾದಿಸಿದರು. ಗ್ರೂಪ್ ಸೌಂಡ್ಸ್ ಕುರಿತು ಕೇಳಿದ್ದೂ ಇಂಥದೇ ಪ್ರಶ್ನೆಯನ್ನಲ್ಲವೇ?

ಈಗ ಆ ಎರಡು ಪಟ್ಟಿಗಳಿಗೆ ಮರಳೋಣ. ಹೊರಗಿನಿಂದ ಕೇಳುವವನಿಗೆ ಜಪಾನಿ ಪದಗಳು ಅರ್ಥವಾಗುವುದಿಲ್ಲ. ಅವನ ಕಿವಿಗೆ ಬೀಳುವುದು ನಾದ, ಗಿಟಾರಿನ ಅಬ್ಬರ, ಕೂಗು. ಆದ್ದರಿಂದ ಅವನಿಗೆ 'ಸತೋರಿ' ದೊಡ್ಡದಾಗಿ ಕಂಡಿತು. ಒಳಗಿನವನಿಗೆ ಆ ಬೀದಿ ಗೊತ್ತು, ಆ ಮಾತು ಗೊತ್ತು. ಅವನಿಗೆ 'ಕಜೆಮಾಚಿ ರೋಮನ್' ತನ್ನದೆನಿಸಿತು. ಯಾರ ತೀರ್ಪೂ ಸುಳ್ಳಲ್ಲ. ನಮಗೆ ಯಾರು ಕಿವಿಗೊಡಬೇಕು ಎಂದು ಉಚಿದಾ ಕೇಳುತ್ತಿದ್ದರು. ನಾವು ಯಾರ ಮಾತನ್ನು ಆಡಬೇಕು ಎಂದು ಮತ್ಸುಮೊತೊ ಕೇಳುತ್ತಿದ್ದರು. ಪ್ರಶ್ನೆಗಳೇ ಬೇರೆಯಾದ್ದರಿಂದ ಉತ್ತರಗಳೂ ಬೇರೆಯಾದವು.

ಆದ್ದರಿಂದ ಮುಂದೆ ಯಾವುದೇ 'ಶ್ರೇಷ್ಠರ ಪಟ್ಟಿ' ನಿಮ್ಮ ಕೈಗೆ ಬಂದಾಗ ಮೊದಲ ಸ್ಥಾನ ಯಾರಿಗೆ ಎಂದು ನೋಡುವ ಮುನ್ನ, ಪಟ್ಟಿ ಮಾಡಿದವರು ಎಲ್ಲಿ ಕುಳಿತು ಕೇಳಿದರು ಎಂಬುದನ್ನು ವಿಚಾರಿಸಿ. ಅವಕಾಶ ಸಿಕ್ಕಿದರೆ ಈ ಎರಡು ಧ್ವನಿಮುದ್ರಿಕೆಗಳನ್ನು ಒಂದರ ನಂತರ ಒಂದು ಕೇಳಿ. ನಮಗೆ ಜಪಾನಿ ಬಾರದು, ನಿಜ. ಆದರೆ ಮಾತ್ರೆ ಎಣಿಸಲು ಬರುತ್ತದೆ. ಎಣಿಸುತ್ತ ಕೇಳಿ, ಆಗ ನೀವು ಯಾವ ಪಕ್ಷ ಎಂದು ನಿಮಗೇ ತಿಳಿದೀತು.