ನಡುವೆ ನಿಂತವರು

ನನ್ನ ಹಳೆಯ ಆಲ್ಬಮ್ಮಿನಲ್ಲಿ ಸೈಪ್ರಸ್ ದೇಶದ ಒಂದು ಅಂಚೆಚೀಟಿ ಇದೆ. 1966ರದು. ಅದರ ಮೇಲಿರುವುದು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಮುಖ. ಹುಡುಗನಾಗಿದ್ದಾಗ ಅದನ್ನು ಎಲ್ಲರಿಗೂ ತೋರಿಸಿ ಬೀಗುತ್ತಿದ್ದೆ. ಕೊಡಗಿನ ಸೇನಾನಿ ಅಷ್ಟು ದೂರದ ದ್ವೀಪದ ಅಂಚೆಚೀಟಿಗೆ ಹೇಗೆ ಬಂದರೆಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಉತ್ತರ ಹುಡುಕುತ್ತ ಹೋದಾಗ ಮೊದಲು ಎದುರಾದದ್ದು ಕೊರಿಯ.

1950ರಲ್ಲಿ ಶುರುವಾದ ಕೊರಿಯ ಯುದ್ಧದ ಸಂಧಾನ ಮರುವರ್ಷವೇ ಆರಂಭವಾದರೂ ಯುದ್ಧಕೈದಿಗಳ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತು. ಕಾಳಗ ನಿಂತೊಡನೆ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸಬೇಕೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಆದರೆ ಹೋಗಲಾರೆ ಎನ್ನುವವನನ್ನು ಏನು ಮಾಡುವುದು? ವಿಶ್ವಸಂಸ್ಥೆ ಇಲ್ಲಿ ತಾನೇ ಪಂಚಾಯಿತಿ ಮಾಡುವಂತಿರಲಿಲ್ಲ. ಒಂದು ಪಕ್ಷ ಅದರ ಬಾವುಟದಡಿಯಲ್ಲೇ ಹೋರಾಡುತ್ತಿತ್ತು. ಅದನ್ನು ಹೊಗಳುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಕೊನೆಗೆ 1952ರ ಡಿಸೆಂಬರಿನಲ್ಲಿ ಭಾರತದ ಸಲಹೆಯನ್ನು ಮಹಾಸಭೆ ಒಪ್ಪಿತು. 1953ರ ಜುಲೈ 27ರಂದು ಕದನವಿರಾಮವಾಯಿತು. ಕೈದಿಗಳ ಹೊಣೆ ಹೊರಲು ಐದು ತಟಸ್ಥ ರಾಷ್ಟ್ರಗಳ ಆಯೋಗ ಬಂತು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆಗೆ ವಾಲಿದರೆ ಪೋಲೆಂಡ್, ಜೆಕೊಸ್ಲೊವಾಕಿಯ ಇನ್ನೊಂದು ಕಡೆಗೆ. ನಡುವೆ ಅಧ್ಯಕ್ಷರಾಗಿ ತಿಮ್ಮಯ್ಯ.

ಕಾವಲಿಗೆ ಹೋದ ನಮ್ಮ ಪಡೆಗೆ ಸ್ವಾಗತವೇನೂ ಕಾದಿರಲಿಲ್ಲ. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ತಮ್ಮ ನೆಲದ ಮೇಲೆ ಭಾರತದ ಸೈನಿಕರು ಕಾಲಿಡಕೂಡದೆಂದರು. ಹಡಗಿನಲ್ಲಿ ಬಂದವರನ್ನು ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಿ ಸೇನೆಗಳಿಲ್ಲದ ನಡುಪಟ್ಟಿಯಲ್ಲಿ ಇಳಿಸಬೇಕಾಯಿತು. ಅಲ್ಲಿ ಊರಿಗೆ ಹೋಗಲೊಲ್ಲದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯದ ಕೈದಿಗಳಿದ್ದರು. ಎದುರು ಪಕ್ಷದವರು ಒಪ್ಪಿಸಿದ 359 ಮಂದಿ ಬೇರೆ. ಇವರಲ್ಲಿ 23 ಜನ ಅಮೆರಿಕದವರೇ! ಅವರವರ ದೇಶದ ಪ್ರತಿನಿಧಿಗಳು ತೊಂಬತ್ತು ದಿನಗಳ ಅವಧಿಯಲ್ಲಿ ತಿಳಿಯಹೇಳಬೇಕು, ಆಮೇಲೆ ಕೈದಿಯ ಇಷ್ಟ. ಕಾಗದದ ಮೇಲೆ ಸೊಗಸಾದ ಏರ್ಪಾಡು. ಬೇಲಿಯೊಳಗಾದರೋ ಕೈದಿಗಳಲ್ಲೇ ಮುಖಂಡರು, ಅವರದೇ ದಂಡನೆ. ಯಾರು ಮನಸಾರೆ ಒಲ್ಲೆನೆಂದರು, ಯಾರು ಹೆದರಿ ಎಂದರು, ತಿಳಿಯುವ ಬಗೆಯೇ ಇರಲಿಲ್ಲ. ತಿಳಿಯಹೇಳುವ ಕೆಲಸ ನಡೆದದ್ದು ಬೆರಳೆಣಿಕೆಯ ದಿನ. ಒಮ್ಮೆ ಕೈದಿಗಳು ಭಾರತದ ಅಧಿಕಾರಿಯೊಬ್ಬರನ್ನು ಒಳಗೆಳೆದುಕೊಂಡಾಗ ಕಾವಲು ಪಡೆಯ ಮೇಜರ್ ಜನರಲ್ ಥೋರಟ್ ತಾವೇ ಒಳಹೊಕ್ಕು ಬಿಡಿಸಿ ತಂದರು. ನಮ್ಮವರ ಗುಂಡಿಗೆ ಕೈದಿಗಳು ಸತ್ತದ್ದೂ ಉಂಟು. ಅದನ್ನು ಮರೆಮಾಚಿ ಹೆಮ್ಮೆಪಡುವುದು ಸಲ್ಲದು.

1954ರ ಜನವರಿಯಲ್ಲಿ ಬಹುಪಾಲು ಕೈದಿಗಳನ್ನು ಹಿಂದೆ ಹಿಡಿದಿಟ್ಟಿದ್ದವರ ವಶಕ್ಕೇ ಭಾರತ ಮರಳಿಸಿತು. ಎರಡೂ ಕಡೆಯವರು ಆಕ್ಷೇಪಿಸಿದರು. ನನಗೆ ಮಾತ್ರ ಮತ್ತೆ ಮತ್ತೆ ನೆನಪಾಗುವುದು ಆ ಕಡೆಯೂ ಬೇಡ, ಈ ಕಡೆಯೂ ಬೇಡ ಎಂದು ನಮ್ಮ ಪಡೆಯೊಂದಿಗೆ ಭಾರತಕ್ಕೆ ಬಂದ ಎಂಬತ್ತಕ್ಕೂ ಹೆಚ್ಚು ಜನ. ಅವರ ಪಾಲಿಗಾದರೂ ಆ ಬಡಪಾಯಿ ಆಯೋಗ ಒಂದು ಬಾಗಿಲು ತೆರೆಯಿತಲ್ಲ!

ಇನ್ನು ಸೈಪ್ರಸ್. ಗ್ರೀಕ್ ಮತ್ತು ಟರ್ಕಿಶ್ ಸಮುದಾಯಗಳು ಹೊಡೆದಾಡತೊಡಗಿದಾಗ 1964ರ ಮಾರ್ಚಿಯಲ್ಲಿ ಭದ್ರತಾ ಮಂಡಳಿ ಶಾಂತಿಪಾಲನಾ ಪಡೆಯೊಂದನ್ನು ಮೂರು ತಿಂಗಳ ಮಟ್ಟಿಗೆ ಕಳಿಸಲು ಒಪ್ಪಿತು. ನಮ್ಮ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದ ತಿಮ್ಮಯ್ಯ ಅದೇ ವರ್ಷ ಅದರ ದಂಡನಾಯಕರಾದರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ತೀರಿಕೊಂಡರು. 1974ರಲ್ಲಿ ಟರ್ಕಿಯ ಸೇನೆ ಬಂದಿಳಿದು ದ್ವೀಪ ಎರಡು ಹೋಳಾದಾಗ ಆ ಪಡೆ ತಡೆಯಲಾರದೆ ಹೋಯಿತು, ನಿಜ. ಮೂರು ತಿಂಗಳಿಗೆಂದು ಹೋದದ್ದು ಅರವತ್ತು ವರ್ಷ ದಾಟಿದರೂ ಅಲ್ಲಿಯೇ ಗಡಿ ಕಾಯುತ್ತಿದೆ.

ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ನೋಡಲು ಹೋದ ದಿನ ಆ ಅಂಚೆಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ.