ಗಡಿನಾಡಿನ ಬಸ್ಸು ಮಾರ್ಗಗಳೂ ಸಾರ್ವಜನಿಕರ ಅಹವಾಲೂ

ಕೊಯಮತ್ತೂರು ಸೀಮೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಿರಿಯರಾದವರನ್ನು ತಾಯ್ನಾಡಿಗೆ ಹಾದಿ ಯಾವುದೆಂದು ಕೇಳಿದರೆ ಬಹುಮಂದಿ ಬಡಗಣ ದಿಕ್ಕಿಗೆ ಕೈ ತೋರುತ್ತಾರೆ. ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲ, ಬಣ್ಣಾರಿ, ಅಲ್ಲಿಂದ ಮುಂದೆ 27 ಕಡಿದಾದ ತಿರುವುಗಳ ದಿಂಬಂ ಘಾಟಿ, ಘಾಟಿಯ ಮೇಲೆ ಹಾಸನೂರು, ಅದರಾಚೆ ಚಾಮರಾಜನಗರ. ಮದುವೆಗೆ, ಜಾತ್ರೆಗೆ, ಆಸ್ಪತ್ರೆಗೆ, ಗಿರಣಿಯ ಕೆಲಸಕ್ಕೆ ಈ ಹಾದಿಯಲ್ಲಿ ಹೋಗಿಬಾರದ ಮನೆ ನಮ್ಮಲ್ಲಿ ವಿರಳ. ಆದರೆ ಈ ಹಾದಿಯ ಮೇಲೆ ಎಷ್ಟು ಬಸ್ಸು ಓಡಬೇಕು, ಯಾವ ಹೊತ್ತಿಗೆ ಓಡಬೇಕು, ಅದರ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಗೊತ್ತುಮಾಡುವಾಗ ಅದರಲ್ಲಿ ಪ್ರಯಾಣ ಮಾಡುವವರ ಮಾತನ್ನು ಯಾರಾದರೂ ಕೇಳಿದ್ದುಂಟೆ? ಕೇಳಬೇಕೆಂದು ಕಾಯಿದೆಯಲ್ಲಿ ಇತ್ತೆ? ಈ ವಾರ್ಷಿಕ ಸಂಚಿಕೆಗಾಗಿ ನಾವು ಆ ಚರಿತ್ರೆಯನ್ನು ಒಂದಿಷ್ಟು ಶೋಧಿಸಿದೆವು. ಕಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಗಡಿಯ ವಿಚಾರ. ಟಿಪ್ಪುವಿನ ಪತನದ ಬಳಿಕ 1799ರಲ್ಲಿ ಕೊಯಮತ್ತೂರು ಸೀಮೆ ಇಂಗ್ಲಿಷ್ ಕಂಪನಿಯ ವಶವಾಯಿತು. ಅದಕ್ಕೆ ಮುಂಚೆ ಮೈಸೂರಿನ ಸೈನ್ಯಗಳು ಗಜಲಹಟ್ಟಿ ಕಣಿವೆಯಿಂದ ಇಳಿದು ಈ ಬಯಲಿಗೆ ಬರುತ್ತಿದ್ದವು. ಆ ಹಾದಿಯ ಬಳಿಯಿದ್ದ ದಣ್ಣಾಯಕನ ಕೋಟೆ ಭವಾನಿಸಾಗರದ ನೀರಿನಲ್ಲಿ ಮುಳುಗಿದೆ. ಕಂಪನಿ ಬಂದರೂ ಘಾಟಿಯ ಮೇಲಣ ಕನ್ನಡ ನಾಡು ಕೊಯಮತ್ತೂರಿನ ಕೈಬಿಡಲಿಲ್ಲ. ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿಯೇ ಇತ್ತು. ಕೊಳ್ಳೇಗಾಲದ ರೈತನಿಗೆ ಕಲೆಕ್ಟರರ ಕಚೇರಿಯಲ್ಲಿ ಕೆಲಸವಿದ್ದರೆ ಅವನು ಬರಬೇಕಾಗಿದ್ದುದು ಕೊಯಮತ್ತೂರಿಗೆ. 1956ರ ನವೆಂಬರ್ 1ರಂದು ಆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯ ಕನ್ನಡ ಗ್ರಾಮಗಳು ಮದರಾಸಿನಲ್ಲಿಯೇ ಉಳಿದವು. 1979ರಲ್ಲಿ ಈರೋಡು ಬೇರೆ ಜಿಲ್ಲೆಯಾಗಿ ತಾಳವಾಡಿ ಅದರ ಪಾಲಿಗೆ ಹೋಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆಯೂ ಪ್ರತ್ಯೇಕವಾಯಿತು. ನಾಡಿನ ನಕ್ಷೆ ಹೀಗೆ ಬದಲಾಗುತ್ತಿದ್ದಾಗ ಜನರು ಬದಲಾಗಲಿಲ್ಲ, ನೆಂಟಸ್ತಿಕೆ ಬದಲಾಗಲಿಲ್ಲ. ಬದಲಾದುದು ಬಸ್ಸಿನ ಪರವಾನಗಿ. ಒಂದೇ ಜಿಲ್ಲೆಯೊಳಗಣ ಪ್ರಯಾಣವಾಗಿದ್ದುದು ಎರಡು ರಾಜ್ಯಗಳ ನಡುವಣ ಒಪ್ಪಂದದ ವಿಷಯವಾಯಿತು.

ಬಸ್ಸಿನ ಮಾತನ್ನೇ ಇಷ್ಟು ಒತ್ತಿ ಹೇಳುವುದೇಕೆಂದು ಕೆಲವರು ಕೇಳಬಹುದು. ರೈಲು ಈ ಕಡೆಯಿಂದ ಮೇಟ್ಟುಪಾಳಯಕ್ಕೆ 1873ರಲ್ಲಿಯೂ ಆ ಕಡೆಯಿಂದ ಚಾಮರಾಜನಗರಕ್ಕೆ 1926ರಲ್ಲಿಯೂ ಬಂದು ನಿಂತಿತು. ನಡುವಣ ಬೆಟ್ಟಗಾಡು ಇನ್ನೂ ರೈಲನ್ನು ಕಂಡಿಲ್ಲ. ಸರ್ವೇ ಮಾಡಿದ್ದೇನೋ ಉಂಟು, ಅದೂ ಒಂದಕ್ಕಿಂತ ಹೆಚ್ಚು ಬಾರಿ. ಆದುದರಿಂದ ನಮ್ಮ ಪಾಲಿಗೆ ಸಾರ್ವಜನಿಕ ಸಾರಿಗೆಯೆಂದರೆ ಬಸ್ಸೇ.

1939ರ ಮೋಟಾರು ವಾಹನಗಳ ಕಾಯಿದೆಯು ಬಸ್ಸಿನ ಪರವಾನಗಿಯನ್ನು ಕೊಡುವ ಅಧಿಕಾರವನ್ನು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ವಹಿಸಿತು. ಅದರ 57ನೆಯ ಪ್ರಕರಣದ ಪ್ರಕಾರ ಯಾರಾದರೂ ಒಂದು ಮಾರ್ಗಕ್ಕೆ ಬಸ್ಸು ಹಾಕುವೆನೆಂದು ಅರ್ಜಿ ಕೊಟ್ಟರೆ ಅದನ್ನು ಪ್ರಕಟಿಸಬೇಕು. ಪ್ರಕಟಣೆಯಾಗಿ ಮೂವತ್ತು ದಿನಗಳಾದರೂ ಕಳೆದ ಬಳಿಕವೇ ಅರ್ಜಿಯನ್ನೂ ಅಹವಾಲುಗಳನ್ನೂ ಪರಿಶೀಲನೆಗೆ ತೆಗೆದುಕೊಳ್ಳಬೇಕು. ಅಹವಾಲು ಬಂದರೆ ಬಹಿರಂಗ ವಿಚಾರಣೆ ನಡೆಸಬೇಕು. ಅಹವಾಲು ಬರಹದಲ್ಲಿರಬೇಕು, ಅದರ ಪ್ರತಿಯನ್ನು ಆಗಲೇ ಅರ್ಜಿದಾರನಿಗೂ ಕಳುಹಿಸಿರಬೇಕು. ಇಲ್ಲವಾದರೆ ಅದನ್ನು ಗಮನಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ. ನೋಡಲು ಬಲು ಉದಾರವಾದ ಏರ್ಪಾಡು. ಪ್ರಾಧಿಕಾರವು ಏನನ್ನು ಗಮನಿಸಬೇಕೆಂಬುದನ್ನು ಹೇಳುವ 47ನೆಯ ಪ್ರಕರಣವೂ ಸಾರ್ವಜನಿಕರ ಹಿತವನ್ನೇ ಮೊದಲು ಹೆಸರಿಸಿತ್ತು. ಆದರೆ ಯಾರ ಅಹವಾಲನ್ನು ಗಮನಿಸಬೇಕು? ಆ ಮಾರ್ಗದಲ್ಲಿ ಈಗಾಗಲೇ ಬಸ್ಸು ಓಡಿಸುತ್ತಿರುವವರದು, ಸ್ಥಳೀಯ ಸಂಸ್ಥೆಗಳದು, ಪೋಲೀಸಿನವರದು, ಸಾರಿಗೆ ಸೌಕರ್ಯದಲ್ಲಿ ಆಸಕ್ತಿಯುಳ್ಳ ಸಂಘಗಳದು. ಮುಂದೆ ಆ ಸಂಘಕ್ಕೂ ಸರ್ಕಾರದ ಮನ್ನಣೆ ಬೇಕೆಂಬ ಕಟ್ಟು ಬಿತ್ತು. ಟಿಕೀಟು ಕೊಂಡು ಕುಳಿತುಕೊಳ್ಳುವ ಪ್ರಯಾಣಿಕನ ಹೆಸರು ಈ ಪಟ್ಟಿಯಲ್ಲಿ ಇರಲಿಲ್ಲ. ಅವನು ಮಾತನಾಡಬೇಕಾದರೆ ಸಂಘದ ಬಾಯಿಂದ ಮಾತನಾಡಬೇಕಾಗಿತ್ತು.

ಆ ಕಾಲದ ವಿಚಾರಣೆಗಳು ಹೆಚ್ಚಿನ ಮಟ್ಟಿಗೆ ಬಸ್ಸಿನ ಮಾಲೀಕರ ನಡುವಣ ವ್ಯಾಜ್ಯಗಳಾದವು. ಕೊಯಮತ್ತೂರು ಸೀಮೆ ಬಸ್ಸು ಉದ್ಯಮಕ್ಕೆ ಹೆಸರಾದುದು. ಪೊಳ್ಳಾಚಿಯಲ್ಲಿ ನಾಚಿಮುತ್ತು ಗೌಂಡರು ಸ್ಥಾಪಿಸಿದ ಆನೈಮಲೈ ಬಸ್ಸು ಸಂಸ್ಥೆಯನ್ನು ನೆನೆಯದೆ ಈ ನಾಡಿನ ಸಾರಿಗೆಯ ಚರಿತ್ರೆಯನ್ನು ಬರೆಯಲಾಗದು. 1956ರಲ್ಲಿ ಮದರಾಸು ಸರ್ಕಾರವು ಪರವಾನಗಿಯ ಅರ್ಜಿದಾರರಿಗೆ ಅಂಕಗಳನ್ನು ಕೊಡುವ ಪದ್ಧತಿಯೊಂದನ್ನು ಆಜ್ಞೆಯ ಮೂಲಕ ಜಾರಿಗೆ ತಂದಿತು. ದುರಸ್ತಿ ಕಾರ್ಖಾನೆ ಉಂಟೆ, ಅನುಭವವೆಷ್ಟು, ಬಸ್ಸುಗಳೆಷ್ಟು ಎಂದು ಶಾಲಾಪರೀಕ್ಷೆಯಂತೆ ಅಂಕ ಹಾಕುವುದು. ರಾಜಗೋಪಾಲ ನಾಯ್ಡು ಎಂಬವರ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಅಸಿಂಧುವೆಂದು ಸಾರಿತು: ನ್ಯಾಯಾಧಿಕರಣದಂತೆ ವಿಚಾರಿಸಬೇಕಾದ ಪ್ರಾಧಿಕಾರಕ್ಕೆ ಹೀಗೆಯೇ ತೀರ್ಮಾನಿಸೆಂದು ಸರ್ಕಾರ ಕಟ್ಟಪ್ಪಣೆ ಮಾಡಲಾಗದು ಎಂಬುದು ಅದರ ತಾತ್ಪರ್ಯ.

ಈ ನಡುವೆ, ಅದೇ 1956ರಲ್ಲಿ, ಕಾಯಿದೆಗೆ ನಾಲ್ಕು-ಎ ಅಧ್ಯಾಯವನ್ನು ಸೇರಿಸಿ ಮಾರ್ಗಗಳನ್ನು ಸರ್ಕಾರದ ಸಾರಿಗೆ ಸಂಸ್ಥೆಗೇ ಮೀಸಲಿಡುವ ಯೋಜನೆಗಳಿಗೆ ಹಾದಿ ಮಾಡಿದರು. ಯೋಜನೆ ಪ್ರಕಟವಾದ ಮೂವತ್ತು ದಿನಗಳೊಳಗೆ ಅದರಿಂದ ಬಾಧಿತನಾದ ಯಾವನೂ ಆಕ್ಷೇಪಣೆ ಸಲ್ಲಿಸಬಹುದಾಗಿತ್ತು. ಆಂಧ್ರದ ಬಸ್ಸು ಮಾಲೀಕರಾದ ಗುಳ್ಳಪಲ್ಲಿ ನಾಗೇಶ್ವರ ರಾಯರು ಇಂಥ ಒಂದು ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆಕ್ಷೇಪಣೆಗಳನ್ನು ಕೇಳಿದವರು ಸಾರಿಗೆ ಇಲಾಖೆಯ ಕಾರ್ಯದರ್ಶಿಗಳು. ತೀರ್ಮಾನ ಮಾಡಿದವರು ಮುಖ್ಯಮಂತ್ರಿಗಳು. ಒಬ್ಬರು ಕೇಳಿ ಮತ್ತೊಬ್ಬರು ನಿರ್ಣಯಿಸಿದರೆ ಆ ವಿಚಾರಣೆ ಬರಿಯ ಶಾಸ್ತ್ರವಾಗುತ್ತದೆಂದು 1958ರ ನವೆಂಬರಿನಲ್ಲಿ ನ್ಯಾಯಾಲಯವು ತೀರ್ಪು ಕೊಟ್ಟಿತು. ಬಸ್ಸಿನ ಮಾಲೀಕರೊಬ್ಬರು ತಮ್ಮ ವ್ಯಾಪಾರಕ್ಕಾಗಿ ಹೂಡಿದ ಮೊಕದ್ದಮೆಯಾದರೂ ಅದರಿಂದ ದೊರೆತ ತತ್ವ ಇಡೀ ಭಾರತದ ಪೌರರ ಆಸ್ತಿಯಾಗಿದೆ.

ಆದರೆ ಬಾಧಿತನಾದ ಯಾವನೂ ಎಂಬ ವಿಶಾಲವಾದ ಬಾಗಿಲು ಬಹುಕಾಲ ತೆರೆದಿರಲಿಲ್ಲ. 1969ರ ತಿದ್ದುಪಡಿಯಿಂದ ಆಕ್ಷೇಪಣೆಯ ಹಕ್ಕು ಮತ್ತೆ ಹಳೆಯ ಮೂವರಿಗೇ ಸೀಮಿತವಾಯಿತು: ಬಸ್ಸು ಓಡಿಸುವವರು, ಮನ್ನಣೆ ಪಡೆದ ಸಂಘಗಳು, ಸ್ಥಳೀಯ ಮತ್ತು ಪೋಲೀಸು ಅಧಿಕಾರಿಗಳು. ಇದಾದ ಮೂರು ವರ್ಷಗಳಿಗೆ, 1972ರಲ್ಲಿ, ಆನೈಮಲೈ ಸಂಸ್ಥೆಯ ಬಸ್ಸುಗಳು ರಾಷ್ಟ್ರೀಕೃತವಾಗಿ ಚೇರನ್ ಸಾರಿಗೆ ಸಂಸ್ಥೆ ಹುಟ್ಟಿತು. 1983ರಲ್ಲಿ ಈರೋಡಿಗೆ ಜೀವಾ ಎಂಬ ಹೆಸರಿನ ಸಂಸ್ಥೆ ಬೇರೆಯಾಯಿತು. 1997ರಲ್ಲಿ ಈ ಹೆಸರುಗಳೆಲ್ಲ ಅಳಿದು ತಮಿಳುನಾಡು ರಾಜ್ಯ ಸಾರಿಗೆ ಸಂಸ್ಥೆಯೆಂಬ ಒಂದೇ ಹೆಸರು ಉಳಿಯಿತು. ನಮ್ಮ ಮನೆಗಳ ಹಿರಿಯರು ಮಾತ್ರ ಇನ್ನೂ ಚೇರನ್ ಬಸ್ಸೆಂದೇ ಹೇಳುತ್ತಾರೆ.

1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಕಾಯಿದೆಯಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಒಂದೊಂದು ಪರವಾನಗಿಗೂ ಪ್ರಕಟಣೆ ಹೊರಡಿಸಿ ಜನರ ಅಹವಾಲು ಕೇಳುವ ಹಳೆಯ ಕ್ರಮ ಹೋಯಿತು. ಪರವಾನಗಿಯನ್ನು ಸಾಮಾನ್ಯವಾಗಿ ನಿರಾಕರಿಸಕೂಡದೆಂಬುದು ನಿಯಮವಾಯಿತು. ಅದಕ್ಕೆ ಪ್ರತಿಯಾಗಿ, ಸರ್ಕಾರದ ಸಾರಿಗೆ ಯೋಜನೆಗಳ ಮೇಲೆ ಯಾವ ವ್ಯಕ್ತಿಯಾದರೂ ಆಕ್ಷೇಪಣೆ ಸಲ್ಲಿಸಬಹುದೆಂದು 100ನೆಯ ಪ್ರಕರಣ ಹೇಳಿತು. ಗಡಿನಾಡಿನ ನಮಗೆ ಇವೆರಡಕ್ಕಿಂತ ಮುಖ್ಯವಾದುದು 88ನೆಯ ಪ್ರಕರಣ. ಎರಡು ರಾಜ್ಯಗಳು ಬಸ್ಸುಗಳ ಸಂಖ್ಯೆಯನ್ನು ಗೊತ್ತುಮಾಡುವ ಒಪ್ಪಂದ ಮಾಡಿಕೊಳ್ಳುವ ಮೊದಲು ಅದರ ಕರಡನ್ನು ಎರಡು ಸರ್ಕಾರಗಳೂ ತಮ್ಮ ತಮ್ಮ ಗೆಜೆಟ್ಟಿನಲ್ಲಿಯೂ, ಆ ಪ್ರದೇಶದಲ್ಲಿ ಓಡಾಡುವ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಮೂವತ್ತು ದಿನಗಳಾದರೂ ಕಳೆದ ಬಳಿಕ ಅಹವಾಲುಗಳನ್ನು ವಿಚಾರಿಸಬೇಕು. ವಿಚಾರಣೆಯ ಸ್ಥಳ, ವೇಳೆ, ಅಧಿಕಾರಿ ಯಾರೆಂಬುದನ್ನೂ ಅದರಲ್ಲಿಯೇ ತಿಳಿಸಬೇಕು.

ಇಲ್ಲಿ ನಮ್ಮ ತೊಡಕು ಎದುರಾಗುತ್ತದೆ. ಪ್ರಾದೇಶಿಕ ಭಾಷೆ ಯಾವುದು? ಚೆನ್ನೈಯವರಿಗೆ ತಮಿಳು, ಬೆಂಗಳೂರಿನವರಿಗೆ ಕನ್ನಡ. ಬೆಂಗಳೂರಿನ ಕನ್ನಡ ಪ್ರಕಟಣೆ ಬೆಂಗಳೂರಿನ ಗಡಿಯೊಳಗಿನವರನ್ನು ಉದ್ದೇಶಿಸಿದ್ದು. ಚೆನ್ನೈಯ ತಮಿಳು ಪ್ರಕಟಣೆ ಕನ್ನಡ ಶಾಲೆಯಲ್ಲಿ ಓದಿದ ತಾಳವಾಡಿಯ ಗೃಹಸ್ಥನ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳದು. ಆ ಬಸ್ಸಿನ ಅಗತ್ಯ ಯಾರಿಗೆ ಅತ್ಯಧಿಕವೋ ಅವರೇ ಎರಡು ಪತ್ರಿಕೆಗಳ ನಡುವೆ ಬಿಟ್ಟುಹೋಗುತ್ತಾರೆ. ಮೂವತ್ತು ದಿನ ಕಳೆಯುತ್ತದೆ, ಆಕ್ಷೇಪಣೆ ಬರಲಿಲ್ಲವೆಂದು ಕಡತದಲ್ಲಿ ದಾಖಲೆಯಾಗುತ್ತದೆ.

ಹಣದ ವಿಚಾರದಲ್ಲಿ ಪೌರನ ಮಾತು ಇನ್ನೂ ಕ್ಷೀಣ. ಹಿಂದೆ ಹೀಗಿರಲಿಲ್ಲ. ಮದರಾಸು ಪ್ರಾಂತದಲ್ಲಿ ಜಿಲ್ಲಾ ಬೋರ್ಡುಗಳು ಜಮೀನಿನ ಮೇಲೆ ವಿಶೇಷ ಕರ ವಿಧಿಸಿ ರೈಲುಮಾರ್ಗವನ್ನು ಹಾಕಿಸಿದ ನಿದರ್ಶನವುಂಟು. ತಂಜಾವೂರು ಬೋರ್ಡಿನ ಮಾರ್ಗ 1894ರಲ್ಲಿ ತೆರೆಯಿತು. ಕರ ಕೊಟ್ಟವರು ಬೋರ್ಡಿನ ಮೆಂಬರರನ್ನು ಕಂಡು ಲೆಕ್ಕ ಕೇಳಬಹುದಾಗಿತ್ತು. ಈಗ ಪ್ರಯಾಣದರವನ್ನು ಗೊತ್ತುಮಾಡುವುದು ರಾಜ್ಯ ಸರ್ಕಾರ. ವಿದ್ಯುಚ್ಛಕ್ತಿಯ ದರವನ್ನು ಏರಿಸಬೇಕಾದರೆ ಆಯೋಗವು ಬಳಕೆದಾರರ ಸಲಹೆ, ಆಕ್ಷೇಪಗಳನ್ನು ಪರಿಶೀಲಿಸಬೇಕೆಂದು 2003ರ ವಿದ್ಯುತ್ ಕಾಯಿದೆ ಹೇಳುತ್ತದೆ. ಬಸ್ಸಿನ ದರಕ್ಕೆ ಅಂಥ ಪದ್ಧತಿ ನೆಲೆಗೊಂಡಿಲ್ಲ. 2018ರ ಜನವರಿಯಲ್ಲಿ ತಮಿಳುನಾಡಿನಲ್ಲಿ ದರವನ್ನು ಒಮ್ಮೆಲೇ ಏರಿಸಿದಾಗ ನಗರ ಬಸ್ಸಿನ ಕನಿಷ್ಠ ದರ 3 ರೂಪಾಯಿಯಿಂದ 5 ರೂಪಾಯಿಗೆ ಹೋಯಿತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ತಿಂಗಳು ಮುಗಿಯುವುದರೊಳಗೆ ಅದು 4 ರೂಪಾಯಿಗೆ ಇಳಿಯಿತು. ವಿಚಾರಣೆಯ ಕೊಠಡಿಯಲ್ಲಿ ಮೊದಲೇ ಕೇಳಬಹುದಾಗಿದ್ದ ಮಾತನ್ನು ಸರ್ಕಾರ ಬೀದಿಯಲ್ಲಿ ಆಮೇಲೆ ಕೇಳಿತೆಂದು ನಮಗೆ ತೋರುತ್ತದೆ.

ರಿಯಾಯಿತಿಗಳೂ ಗಡಿಯನ್ನು ಬಲ್ಲವು. ತಮಿಳುನಾಡು 2021ರ ಮೇ ತಿಂಗಳಿಂದ ಸಾಮಾನ್ಯ ನಗರ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನು ಕೊಟ್ಟಿತು. ಕರ್ನಾಟಕವು 2023ರ ಜೂನ್ 11ರಂದು ಶಕ್ತಿ ಯೋಜನೆಯನ್ನು ಆರಂಭಿಸಿತು. ಆದರೆ ಅದು ಕರ್ನಾಟಕದ ನಿವಾಸಿನಿಯರಿಗೆ ಮಾತ್ರ. ಚಾಮರಾಜನಗರದ ಅಕ್ಕ ಪುಕ್ಕಟೆ ಪ್ರಯಾಣ ಮಾಡುವ ಸೀಟಿನ ಪಕ್ಕದಲ್ಲಿ ತಾಳವಾಡಿಯ ತಂಗಿ ಟಿಕೀಟು ಕೊಳ್ಳುತ್ತಾಳೆ. ಇದನ್ನು ಯಾರ ತಪ್ಪೆಂದೂ ನಾವು ಹೇಳುವುದಿಲ್ಲ. ತನ್ನ ತೆರಿಗೆಯ ಹಣವನ್ನು ತನ್ನ ಪ್ರಜೆಗಳಿಗೆ ವಿನಿಯೋಗಿಸುವುದು ರಾಜ್ಯದ ಧರ್ಮವೇ ಸರಿ. ಗಡಿಯ ಊರುಗಳಿಗೆ ಎರಡು ಸರ್ಕಾರಗಳೂ ಕೂಡಿ ಒಂದು ಏರ್ಪಾಡು ಮಾಡಬಹುದಲ್ಲವೆ ಎಂಬ ಪ್ರಶ್ನೆಯನ್ನಾದರೂ ಕೇಳಬೇಕು.

ಕೇಳಿದರೆ ಫಲವಿಲ್ಲವೆಂಬ ನಿರಾಶೆಗೆ ಕಾರಣವಿಲ್ಲ. ಪಾಲಘಾಟ್ ರೈಲ್ವೆ ವಿಭಾಗದಲ್ಲಿದ್ದ ತಮ್ಮ ನಿಲ್ದಾಣಗಳು ಕಡೆಗಣಿಸಲ್ಪಟ್ಟಿವೆಯೆಂದು ಕೊಯಮತ್ತೂರು, ತಿರುಪ್ಪೂರು ಕಡೆಯವರು ವರ್ಷಗಟ್ಟಲೆ ಬೇಡಿಕೆ ಸಲ್ಲಿಸಿದರು. ಕೇರಳದ ವಿರೋಧವಿದ್ದರೂ 2007ರ ನವೆಂಬರ್ 1ರಂದು ಸೇಲಂ ವಿಭಾಗ ಏರ್ಪಟ್ಟಿತು. ಇನ್ನು ನಮ್ಮ ದಿಂಬಂ ಹಾದಿ. ಆ ಅರಣ್ಯವು 2013ರಲ್ಲಿ ಹುಲಿ ಸಂರಕ್ಷಣಾ ಪ್ರದೇಶವಾಯಿತು. ವಾಹನಗಳಿಗೆ ಸಿಕ್ಕಿ ವನ್ಯಮೃಗಗಳು ಸಾಯುತ್ತಿರುವ ಕಾರಣ ಬಣ್ಣಾರಿಯಿಂದ ಕಾರಾಪಳ್ಳದವರೆಗೆ ರಾತ್ರಿಯ ಸಂಚಾರವನ್ನು ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2022ರ ಫೆಬ್ರವರಿ 10ರಿಂದ ನಿರ್ಬಂಧಿಸಿದರು. ಕಾಡಿನ ಪ್ರಾಣಿಗೂ ಬದುಕುವ ಹಕ್ಕುಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಟ್ಟದ ಮೇಲಣ ರೈತನಿಗೆ ತರಕಾರಿಯ ಮಾರುಕಟ್ಟೆಯೂ ಬಸುರಿಗೆ ಆಸ್ಪತ್ರೆಯೂ ಇರುವುದು ಘಾಟಿಯ ಕೆಳಗೆ. ಬೆಟ್ಟದ ಜನ ತಮ್ಮ ಕಷ್ಟವನ್ನು ನ್ಯಾಯಾಲಯದ ಮುಂದಿಟ್ಟ ಮೇಲೆ ಸ್ಥಳೀಯರಿಗೆ ಸಡಿಲಿಕೆ ದೊರೆಯಿತು.

ಯಾವ ಭಾಷೆಯಲ್ಲಿ ಬರೆಯುವುದೆಂಬ ಸಂದೇಹ ನಮ್ಮವರಲ್ಲಿ ಹಲವರಿಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯರೊಬ್ಬರು ಬೆಳಗಿನ ಬಸ್ಸೊಂದಕ್ಕಾಗಿ ಕನ್ನಡದಲ್ಲಿ ಬರೆದ ಅರ್ಜಿಯನ್ನು ಒಂದು ಕಚೇರಿಯ ಗುಮಾಸ್ತರು ತಿರುಗಿಸಿ ನೋಡಿ ಮರಳಿ ಕೊಟ್ಟರು. ಸದಸ್ಯರೂ ಸುಮ್ಮನೆ ಹಿಡಿದುಕೊಂಡು ಬಂದರು. ಅವರು ಹಾಗೆ ಬರಬೇಕಾಗಿರಲಿಲ್ಲ. ಕುಂದುಕೊರತೆಯ ನಿವಾರಣೆಗಾಗಿ ಯಾವ ಅಧಿಕಾರಿಗೇ ಆಗಲಿ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟೆಂದು ಸಂವಿಧಾನದ 350ನೆಯ ಅನುಚ್ಛೇದ ಹೇಳುತ್ತದೆ. ತಮಿಳಿನ ಪ್ರತಿಯೊಂದನ್ನು ಜೊತೆಗಿಟ್ಟರೆ ಕೆಲಸ ಬೇಗ ಸಾಗೀತು, ಅದು ಲೋಕವ್ಯವಹಾರ. ಆದರೆ ಕನ್ನಡದ ಅರ್ಜಿಯೇ ಅರ್ಜಿಯಲ್ಲವೆನ್ನುವ ಅಧಿಕಾರ ಯಾರಿಗೂ ಇಲ್ಲ.

ಪ್ರಕಟಣೆಯ ವಿಷಯದಲ್ಲಿಯೂ ಒಂದು ಆಧಾರವಿದೆ. 1961ರಲ್ಲಿ ನಡೆದ ಮುಖ್ಯಮಂತ್ರಿಗಳ ಸಮ್ಮೇಳನವು, ಒಂದು ಜಿಲ್ಲೆಯಲ್ಲಿ ಅಥವಾ ಪುರಸಭೆ, ತಾಲ್ಲೂಕಿನಂಥ ಚಿಕ್ಕ ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಷ್ಟು ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಮುಖ್ಯವಾದ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸಬೇಕೆಂದು ಒಪ್ಪಿತು. ಬಸ್ಸು ಒಪ್ಪಂದದ ಕರಡಿಗಿಂತ ಮುಖ್ಯವಾದ ಪ್ರಕಟಣೆ ಬೆಟ್ಟದ ಊರಿಗೆ ಮತ್ತಾವುದಿದ್ದೀತು? ಕೊಯಮತ್ತೂರು, ತಿರುಪ್ಪೂರು ನಗರಗಳಲ್ಲಿ ಚದುರಿಹೋಗಿರುವ ನಮಗೆ ಆ ಪ್ರಮಾಣ ದೂರದ ಮಾತು. ಸತ್ಯಮಂಗಲ ತಾಲ್ಲೂಕಿನ ಒಂದು ಮೂಲೆಯಾಗಿದ್ದಷ್ಟು ಕಾಲ ತಾಳವಾಡಿಯ ಕನ್ನಡಿಗರೂ ದೊಡ್ಡ ಲೆಕ್ಕದಲ್ಲಿ ಕರಗಿಹೋಗುತ್ತಿದ್ದರು. 2016ರಲ್ಲಿ ತಾಳವಾಡಿ ಪ್ರತ್ಯೇಕ ತಾಲ್ಲೂಕಾಯಿತು. 2011ರ ಬಳಿಕ ಜನಗಣತಿ ನಡೆಯದ ಕಾರಣ ಆ ತಾಲ್ಲೂಕಿಗೆ ತನ್ನದೇ ಆದ ಭಾಷಾವಾರು ಅಂಕಿಗಳು ಇನ್ನೂ ಇಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರದಿನವೆಂದು ಸರ್ಕಾರ ಪ್ರಕಟಿಸಿದೆ. ಎಣಿಕೆಯವರು ಮನೆಗೆ ಬಂದು ಮಾತೃಭಾಷೆ ಯಾವುದೆಂದು ಕೇಳಿದಾಗ ಕೊಡುವ ಉತ್ತರವನ್ನು ಅವರು ಬರೆದುಕೊಂಡುದು ಸರಿಯೆ ಎಂದು ಒಮ್ಮೆ ನೋಡಿಕೊಳ್ಳುವಂತೆ ಬೆಟ್ಟದ ಮೇಲಣ ನಮ್ಮ ಬಂಧುಗಳಿಗೆ ಈಗಿನಿಂದಲೇ ತಿಳಿಸುತ್ತಿದ್ದೇವೆ.